ಬಾಡಿಗೆ ಏರ್‌ಫ್ಲೋ: ಕೆಲಸಕ್ಕೆ ಒಳ್ಳೆಯದು, ಇಂಪೋರ್ಟ್ ಎರರ್ ಬಂದರೆ ತಾಳ್ಮೆ ಬೇಕು

ಐದರಲ್ಲಿ ಮೂರೂವರೆ ಸ್ಟಾರ್. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ರಿವ್ಯೂ ಸ್ವಲ್ಪ ಉದ್ದ ಉಂಟು, ಎಲ್ಲರಿಗೂ ಪೂರ್ತಿ ಓದುವ ಪುರುಸೊತ್ತು ಇರುವುದಿಲ್ಲ. ಕಳೆದ ಒಂದೂವರೆ ಸ್ಟಾರಿನಲ್ಲಿ ಹೆಚ್ಚಿನ ಪಾಲು ಹೋದದ್ದು ಪೈಥಾನ್ ಭಾಷೆಯ ಪ್ಯಾಕೇಜ್‌ಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಲೆಕ್ಕಕ್ಕೆ. ಉಳಿದದ್ದರಲ್ಲಿ ನನಗೆ ದೊಡ್ಡ ತಕರಾರಿಲ್ಲ.

ಸೇವೆ ಯಾವುದು ಅಂದರೆ, ಸಾಲುಸಾಲು ಕೆಲಸಗಳನ್ನು ಹೊತ್ತಿಗೆ ಸರಿಯಾಗಿ ಓಡಿಸುವ ಸಾಫ್ಟ್‌ವೇರ್ ಆದ ಅಪಾಚೆ ಏರ್‌ಫ್ಲೋವನ್ನು ಕ್ಲೌಡ್ ಕಂಪೆನಿಯೊಂದು ತಾನೇ ಸೆಟಪ್ ಮಾಡಿ, ತಾನೇ ನೋಡಿಕೊಂಡು, ಗಂಟೆ ಲೆಕ್ಕದಲ್ಲಿ ನಮಗೆ ಬಾಡಿಗೆಗೆ ಕೊಡುವುದು. ಕಂಪೆನಿಯ ಹೆಸರು ಬರೆಯುವುದಿಲ್ಲ. ಇಂಥ ಸೇವೆ ಕೊಡುವವರು ಒಬ್ಬಿಬ್ಬರಲ್ಲ. ನಾನು ಹೇಳುವ ತೊಂದರೆಗಳಲ್ಲಿ ಮುಕ್ಕಾಲು ಪಾಲು ಯಾರ ಹತ್ತಿರ ಹೋದರೂ ಬರುವಂಥವು.

ನಾನಿರುವುದು ಕಾಸರಗೋಡಿನ ಬದಿಯಡ್ಕದ ಹತ್ತಿರ. ಆಫೀಸು ಮಂಗಳೂರಿನಲ್ಲಿ. ಅಗತ್ಯ ಬಿದ್ದರೆ ಕುಂಬಳೆಯಿಂದ ರೈಲು ಹಿಡಿಯುತ್ತೇನೆ, ಇಲ್ಲದಿದ್ದರೆ ಮನೆಯಿಂದಲೇ ಕೆಲಸ. ನಮ್ಮ ದೊಡ್ಡ ಗಿರಾಕಿ ಅಡಿಕೆ, ಕರಿಮೆಣಸು, ಕೊಕ್ಕೊ ಖರೀದಿಸುವ ಒಂದು ವ್ಯಾಪಾರಿ ಸಂಸ್ಥೆ. ಪೆರ್ಲ, ಮುಳ್ಳೇರಿಯ, ವಿಟ್ಲ, ಪುತ್ತೂರು ಕಡೆಗಳಲ್ಲಿ ಅವರ ಅಂಗಡಿಗಳಿವೆ. ಪ್ರತಿ ಅಂಗಡಿಯಿಂದ ಹಿಂದಿನ ದಿನದ ಖರೀದಿ ಶೀಟ್ ಬರುತ್ತದೆ. ಅಡಿಕೆಯ ದರ್ಜೆಗಳಲ್ಲಿ ಹೊಸ ಚಾಲಿ ಎಷ್ಟು, ಹಳೆ ಚಾಲಿ ಎಷ್ಟು, ಪಠೋರ, ಉಳ್ಳಿಗಡ್ಡೆ, ಕರಿಗೋಟು ಎಷ್ಟೆಷ್ಟು, ಯಾವ ಧಾರಣೆಗೆ ಅಂತ. ಅದನ್ನೆಲ್ಲ ಒಟ್ಟು ಮಾಡಿ ಡೇಟಾಬೇಸಿಗೆ ಹಾಕಬೇಕು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಕನ್ನಡದಲ್ಲೊಂದು, ಮಲಯಾಳದಲ್ಲೊಂದು ಪಿಡಿಎಫ್ ಎಲ್ಲರ ಫೋನಿಗೆ ಹೋಗಬೇಕು. ಇಷ್ಟೇ ಕೆಲಸ. ಆದರೆ ಇದು ದಿನಾ ಆಗಬೇಕು, ಸಮಯಕ್ಕೆ ಸರಿಯಾಗಿ ಆಗಬೇಕು. ಧಾರಣೆ ಗೊತ್ತಿಲ್ಲದೆ ಅಂಗಡಿಯಲ್ಲಿ ಕೂತವರಿಗೆ ರೈತರ ಮುಂದೆ ಬಾಯಿ ಬಿಡುವ ಹಾಗಿಲ್ಲ.

ಇಂಥ ಸಾಲುಸಾಲು ಕೆಲಸಗಳನ್ನು ಒಂದಾದ ಮೇಲೊಂದು ಓಡಿಸಲಿಕ್ಕೆ ಏರ್‌ಫ್ಲೋ ಇರುವುದು. 2014ರಲ್ಲಿ ಏರ್‌ಬಿಎನ್‌ಬಿಯಲ್ಲಿ ಮ್ಯಾಕ್ಸಿಮ್ ಬೋಶ್‌ಮಾ ಶುರು ಮಾಡಿದ್ದು, 2016ರಲ್ಲಿ ಓಪನ್ ಸೋರ್ಸ್ ಸಂಸ್ಥೆ ಅಪಾಚೆಯ ಇನ್‌ಕ್ಯುಬೇಟರಿಗೆ ಬಂತು, 2019ರಲ್ಲಿ ಅಪಾಚೆಯ ಪೂರ್ಣ ಪ್ರಾಜೆಕ್ಟ್ ಆಯಿತು. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅನ್ನುವುದನ್ನು ಪೈಥಾನ್ ಫೈಲಿನಲ್ಲಿ ಬರೆದಿಡುತ್ತೇವೆ. ಅದಕ್ಕೆ ಡ್ಯಾಗ್ ಅನ್ನುತ್ತಾರೆ. ಫೈಲನ್ನು ಡ್ಯಾಗ್ಸ್ ಫೋಲ್ಡರಿಗೆ ಹಾಕಿದರೆ ಸಾಕು, ಷೆಡ್ಯೂಲರ್ ಓದಿಕೊಳ್ಳುತ್ತದೆ, ವರ್ಕರ್ ಕೆಲಸ ಮಾಡುತ್ತದೆ.

ಒಳ್ಳೆಯದನ್ನು ಬೇಗ ಹೇಳಿ ಮುಗಿಸುತ್ತೇನೆ. ಜೂನ್ ಜುಲೈಯಲ್ಲಿ ನಮ್ಮ ಊರಿನಲ್ಲಿ ಗಾಳಿ ಬೀಸಿದರೆ ಕರೆಂಟು ಹೋಯಿತೆಂದೇ ಲೆಕ್ಕ. ತೋಟದ ಮರ ಲೈನಿನ ಮೇಲೆ ಬಿದ್ದರೆ ಮರುದಿನಕ್ಕೂ ಬರುವುದಿಲ್ಲ. ಮೊದಲು ಈ ಕೆಲಸ ಆಫೀಸಿನ ಒಂದು ಕಂಪ್ಯೂಟರಿನಲ್ಲಿ ಓಡುತ್ತಿತ್ತು, ಯುಪಿಎಸ್ ನಂಬಿಕೊಂಡು. ಈಗ ಅದು ಮುಂಬೈಯ ಯಾವುದೋ ಡೇಟಾ ಸೆಂಟರಿನಲ್ಲಿ ಓಡುತ್ತದೆ, ನಮ್ಮ ಮಳೆಗೂ ಅದಕ್ಕೂ ಸಂಬಂಧವಿಲ್ಲ. ಒಂದು ಅಂಗಡಿಯ ಶೀಟ್ ತಡವಾದರೆ ತಾನೇ ಕಾದು ಮತ್ತೆ ಪ್ರಯತ್ನ ಮಾಡುತ್ತದೆ. ಯಾವ ಟಾಸ್ಕಿನಲ್ಲಿ ಏನಾಯಿತು ಅನ್ನುವ ಲಾಗ್ ಅಲ್ಲಲ್ಲೇ ಸಿಗುತ್ತದೆ. ಹಳೆಯ ವಾರದ ಲೆಕ್ಕ ಮತ್ತೆ ಮಾಡಬೇಕೆಂದರೆ ಆ ದಿನಗಳನ್ನಷ್ಟೇ ಓಡಿಸಬಹುದು. ಇದಕ್ಕೆಲ್ಲ ಪೂರ್ತಿ ಮಾರ್ಕು. ಗಡಿಯಾರ ಡೀಫಾಲ್ಟಾಗಿ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದೆ) ಇರುತ್ತದೆ, ಬೆಳಿಗ್ಗೆ 6 ಗಂಟೆ ಅಂದರೆ ಅದಕ್ಕೆ 0:30. ಡ್ಯಾಗಿನಲ್ಲಿ ನಮ್ಮ ಟೈಮ್‌ಜೋನ್ ಬರೆದರೆ ಆ ಗೋಳೂ ಇಲ್ಲ.

ಇನ್ನು ಕಿರಿಕಿರಿಯ ಭಾಗ.

ಡ್ಯಾಗ್ ಫೈಲಿನಲ್ಲಿ ಒಂದು ಇಂಪೋರ್ಟ್ (ಬೇರೆ ಫೈಲಿನ ಅಥವಾ ಪ್ಯಾಕೇಜಿನ ಕೋಡನ್ನು ಕರೆಸಿಕೊಳ್ಳುವ ಸಾಲು) ತಪ್ಪಿದರೆ ಏರ್‌ಫ್ಲೋ ಪರದೆಯ ಮೇಲ್ಗಡೆ ಒಂದು ಕೆಂಪು ಪಟ್ಟಿ ಬರುತ್ತದೆ. ಬ್ರೋಕನ್ ಡ್ಯಾಗ್ ಅಂತ. ಅಷ್ಟೇ ಬರುವುದು. ಟಾಸ್ಕ್ ಸೋತರೆ ಮೇಲ್ ಬರುವ ಹಾಗೆ ನೀವು ಎಷ್ಟು ಚಂದ ಮಾಡಿ ಇಟ್ಟಿದ್ದರೂ ಇಲ್ಲಿ ಮೇಲ್ ಬರುವುದಿಲ್ಲ. ಯಾಕೆ? ಟಾಸ್ಕ್ ಸೋಲಬೇಕಾದರೆ ಮೊದಲು ಅದು ಶುರುವಾಗಬೇಕು ಅಲ್ವಾ. ಫೈಲೇ ಓದಲಾಗದ ಡ್ಯಾಗಿಗೆ ಷೆಡ್ಯೂಲರ್ ಹೊಸ ರನ್ ಶುರುವೇ ಮಾಡುವುದಿಲ್ಲ. ಎಲ್ಲ ಹಸಿರಾಗಿಯೇ ಕಾಣುತ್ತದೆ, ನಿನ್ನೆಯ ಹಸಿರು. ಇವತ್ತಿನದ್ದು ಇಲ್ಲವೇ ಇಲ್ಲ. ಪಟ್ಟಿ ಇದೆ ಅಂತ ಗೊತ್ತಾಗಲಿಕ್ಕೆ ಯಾರಾದರೂ ಆ ಪುಟ ತೆರೆದು ನೋಡಬೇಕು. ಬೆಳಗಿನ ಜಾವ ಯಾರು ನೋಡುತ್ತಾರೆ?

ನಮಗೆ ಗೊತ್ತಾದದ್ದು ಗಿರಾಕಿಯ ಫೋನಿನಿಂದ. ‘ಏನಮ್ಮಾ, ಇವತ್ತು ಧಾರಣೆ ಬರ್ಲಿಲ್ಲಲ್ಲ?’ ಅಂತ ಯಜಮಾನರು ಕೇಳಿದಾಗ ಏಳೂವರೆ ಆಗಿತ್ತು. ಅವರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು ಅನಿಸಿತು.

ಇದಕ್ಕೆ ಮದ್ದು ಉಂಟು. ಎಷ್ಟು ಫೈಲುಗಳಲ್ಲಿ ಇಂಪೋರ್ಟ್ ಎರರ್ ಇದೆ ಅನ್ನುವ ಸಂಖ್ಯೆಯನ್ನು ಏರ್‌ಫ್ಲೋ ಒಂದು ಮೆಟ್ರಿಕ್ ಆಗಿ ಹೊರಗೆ ಕೊಡುತ್ತದೆ. ಅದು ಸೊನ್ನೆಗಿಂತ ಜಾಸ್ತಿಯಾದರೆ ಫೋನಿಗೆ ಅಲರ್ಟ್ ಬರುವ ಹಾಗೆ ಮಾಡಬಹುದು. ಏರ್‌ಫ್ಲೋದ ಕಮಾಂಡಿನಲ್ಲಿಯೂ ಇಂಪೋರ್ಟ್ ಎರರ್‌ಗಳ ಪಟ್ಟಿ ಕೇಳಬಹುದು. ಫೈಲ್ ಅಪ್‌ಲೋಡ್ ಮಾಡುವ ಮೊದಲೇ ಅದನ್ನು ಒಮ್ಮೆ ಓಡಿಸಿ ನೋಡಬಹುದು. ನನ್ನ ತಕರಾರು ಏನೆಂದರೆ, ಬಾಡಿಗೆ ತೆಗೆದುಕೊಳ್ಳುವ ಕಂಪೆನಿ ಈ ಅಲರ್ಟನ್ನು ಮೊದಲ ದಿನವೇ ಆನ್ ಮಾಡಿ ಕೊಡಬೇಕಿತ್ತು. ಅದು ಅವರ ಮೆಟ್ರಿಕ್ ಪಟ್ಟಿಯಲ್ಲಿ ನೂರಾರು ಹೆಸರುಗಳ ನಡುವೆ ಎಲ್ಲೋ ಸುಮ್ನೆ ಕೂತಿತ್ತು. ಅರ್ಧ ಸ್ಟಾರ್ ಹೋದದ್ದು ಇದಕ್ಕೇ.

ಎರರ್‌ಗಳಲ್ಲಿಯೂ ಬಗೆಬಗೆ ಉಂಟು. ಸುಲಭದ್ದು ಹೆಸರಿನ ಗೊಂದಲ. ಇನ್‌ಸ್ಟಾಲ್ ಮಾಡುವ ಹೆಸರು ಒಂದು, ಇಂಪೋರ್ಟ್ ಮಾಡುವ ಹೆಸರು ಇನ್ನೊಂದು. ಪಿಲ್ಲೋ ಇನ್‌ಸ್ಟಾಲ್ ಮಾಡಿದರೆ ಪಿಐಎಲ್ ಅಂತ ಇಂಪೋರ್ಟ್. ಬ್ಯೂಟಿಫುಲ್‌ಸೂಪ್4 ಹಾಕಿದರೆ ಬಿಎಸ್4. ಪೈಯಾಮಲ್ ಹಾಕಿದರೆ ಬರೀ ಯಾಮಲ್. ಇದು ಒಂದು ಸಲ ಗೊತ್ತಾದರೆ ಮುಗಿಯಿತು.

ಅದಕ್ಕಿಂತ ಮಜಾ ಇದ್ದದ್ದು ನಮ್ಮ ಟೀಮಿನ ಉಪ್ಪಳದ ಹುಡುಗನ ಕೇಸು. ಕಾಲೇಜು ಮುಗಿಸಿ ಹೊಸದಾಗಿ ಸೇರಿದವನು, ಚುರುಕು. ಸರಾಸರಿ ಧಾರಣೆ ಲೆಕ್ಕ ಹಾಕುವ ಕೆಲವು ಫಂಕ್ಷನ್‌ಗಳನ್ನು ಬೇರೆ ಫೈಲಿನಲ್ಲಿ ಬರೆದು, ಫೈಲಿಗೆ ಸ್ಟ್ಯಾಟಿಸ್ಟಿಕ್ಸ್ ಅಂತ ಹೆಸರಿಟ್ಟು, ಡ್ಯಾಗ್ ಪಕ್ಕದಲ್ಲೇ ಇಟ್ಟಿದ್ದ.

‘ಅಕ್ಕ, ನನ್ನ ಲ್ಯಾಪ್‌ಟಾಪಿನಲ್ಲಿ ಸರಿ ಓಡ್ತದೆ. ಅಲ್ಲಿ ಹಾಕಿದ್ರೆ ಆ ಫಂಕ್ಷನ್ನೇ ಇಲ್ಲ ಅಂತ ಹೇಳ್ತದೆ.’

‘ಎರರಿನ ಕೊನೆಯ ಸಾಲು ಪೂರ್ತಿ ಓದು ಮಾರಾಯ. ಬ್ರಾಕೆಟಿನಲ್ಲಿ ಯಾವ ಫೈಲಿನ ಪಾತ್ ಉಂಟು?’

ಅವನು ಓದಿದ. ನಮ್ಮ ಫೋಲ್ಡರಿನದ್ದಲ್ಲ. ಪೈಥಾನ್ 3.11ರ ಜೊತೆಗೇ ಬರುವ ಸ್ಟ್ಯಾಟಿಸ್ಟಿಕ್ಸ್ ಫೈಲಿನ ಪಾತ್ ಅದು.

ಅಲ್ಲಿ ಆದದ್ದು ಇಷ್ಟು. ಒಂದು ಫೈಲನ್ನು ನಾವು ನೇರವಾಗಿ ಪೈಥಾನಿನಲ್ಲಿ ಓಡಿಸಿದರೆ, ಇಂಪೋರ್ಟಿಗೆ ಪೈಥಾನ್ ಹುಡುಕುವ ಫೋಲ್ಡರುಗಳ ಪಟ್ಟಿಯಲ್ಲಿ ಆ ಫೈಲ್ ಇರುವ ಫೋಲ್ಡರೇ ಮೊದಲನೆಯದು. ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಅವನ ಫೈಲೇ ಮೊದಲು ಸಿಕ್ಕಿತು. ಏರ್‌ಫ್ಲೋ ಹಾಗಲ್ಲ, ಡ್ಯಾಗ್ಸ್ ಫೋಲ್ಡರನ್ನು ಆ ಪಟ್ಟಿಯ ಕೊನೆಗೆ ಸೇರಿಸುತ್ತದೆ. ಅಲ್ಲಿ ಪೈಥಾನಿನ ಸ್ವಂತ ಸ್ಟ್ಯಾಟಿಸ್ಟಿಕ್ಸ್ ಮೊದಲು ಸಿಗುತ್ತದೆ. ಅದರಲ್ಲಿ ನಮ್ಮ ಅಡಿಕೆ ಸರಾಸರಿ ಎಲ್ಲಿಂದ ಬರಬೇಕು? ಫೈಲಿನ ಹೆಸರು ಬದಲಾಯಿಸಿದ, ಕೆಂಪು ಪಟ್ಟಿ ಹೋಯಿತು. ಈಗ ನಮ್ಮ ಸ್ವಂತ ಕೋಡೆಲ್ಲ ಸಂಸ್ಥೆಯ ಹೆಸರಿನ ಒಂದೇ ಫೋಲ್ಡರಿನ ಒಳಗೆ ಇರುತ್ತದೆ. ಇಂಪೋರ್ಟ್ ಮಾಡುವಾಗ ಡ್ಯಾಗ್ಸ್ ಫೋಲ್ಡರಿನಿಂದ ಶುರುಮಾಡಿ ಪೂರ್ತಿ ದಾರಿ ಬರೆಯುತ್ತೇವೆ. ಇದರಲ್ಲಿ ಸೇವೆಯ ತಪ್ಪೇನೂ ಇಲ್ಲ, ಮಾರ್ಕು ಕಳೆಯಲಿಲ್ಲ.

ನಿಜವಾಗಿ ತಲೆ ತಿಂದದ್ದು ಪಾಂಡಾಸ್, ಶೀಟುಗಳ ಲೆಕ್ಕ ಮಾಡುವ ಪೈಥಾನ್ ಲೈಬ್ರರಿ.

ಬಾಡಿಗೆ ಏರ್‌ಫ್ಲೋದಲ್ಲಿ ನೀವು ಕೇಳಿದ ಪ್ಯಾಕೇಜ್‌ಗಳು ಹೋಗಿ ಕೂರುವುದು ಏರ್‌ಫ್ಲೋ ತಾನೇ ಇರುವ ಪೈಥಾನಿನ ಒಳಗೆ. ಬೇರೆ ಕೋಣೆ ಇಲ್ಲ. ಏರ್‌ಫ್ಲೋದ ಜೊತೆಗೆ ಆಗಲೇ ನೂರಾರು ಲೈಬ್ರರಿಗಳು ತಮ್ಮ ತಮ್ಮ ವರ್ಷನ್ನಿನಲ್ಲಿ ಕೂತಿರುತ್ತವೆ. ನಿಮ್ಮದು ಅವುಗಳ ನಡುವೆ ನುಸುಳಬೇಕು. ಇದು ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆದ ಹಾಗೆ. ಮನೆಯವರು ಬೇಡ ಅನ್ನದೇ ಇರಬಹುದು, ಆದರೆ ಗೋಡೆಯ ಒಳಗೆ ವಯರ್ ಎಲ್ಲಿ ಹೋಗಿದೆ ಅಂತ ನಿಮಗೆ ಗೊತ್ತಿಲ್ಲ.

ನಮ್ಮ ಹಿಂದಿನ ಟೀಮು ಬರೆದ ರಿಕ್ವೈರ್‌ಮೆಂಟ್ಸ್ ಫೈಲಿನಲ್ಲಿ (ಬೇಕಾದ ಪ್ಯಾಕೇಜುಗಳ ಪಟ್ಟಿ) ಪಾಂಡಾಸ್ ಅಂತ ಇತ್ತು, ವರ್ಷನ್ ಇರಲಿಲ್ಲ. ಬೇರೆ ಯಾವುದೋ ಪ್ಯಾಕೇಜ್ ಸೇರಿಸಲು ಹೋದಾಗ ಎಲ್ಲವೂ ಹೊಸದಾಗಿ ಇನ್‌ಸ್ಟಾಲ್ ಆಗಿ ಪಾಂಡಾಸ್ 2.2 ಬಂದು ಕೂತಿತು. ಇನ್‌ಸ್ಟಾಲ್ ಸರಾಗ ಆಯಿತು. ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಪಿಪ್ ಒಂದು ಮಾತು ಆಡಲಿಲ್ಲ. ಇಂಪೋರ್ಟೂ ಆಯಿತು, ಕೆಂಪು ಪಟ್ಟಿ ಇಲ್ಲ. ಶೀಟ್‌ಗಳನ್ನು ಓದಿ, ಒಟ್ಟು ಮಾಡಿ, ಡೇಟಾಬೇಸಿಗೆ ಬರೆಯುವ ಜಾಗಕ್ಕೆ ಬಂದಾಗ ಬಿತ್ತು ನೋಡಿ: ‘ಎಂಜಿನ್’ ಆಬ್ಜೆಕ್ಟಿನಲ್ಲಿ ‘ಕರ್ಸರ್’ ಅನ್ನುವುದು ಇಲ್ಲ ಅಂತ.

ಆ ಸಾಲನ್ನು ನೋಡಿದರೆ ಯಾರಿಗಾದರೂ ಡೇಟಾಬೇಸಿನ ಮೇಲೆ ಸಂಶಯ ಬರುತ್ತದೆ. ಪಾಸ್‌ವರ್ಡ್ ನೋಡಿ, ಕನೆಕ್ಷನ್ ನೋಡಿ, ನೆಟ್‌ವರ್ಕ್ ನೋಡಿ. ಎಲ್ಲ ಸರಿ. ಅಸಲಿ ಕತೆ ಬೇರೆ. 2024ರ ಜನವರಿಯಲ್ಲಿ ಬಂದ ಪಾಂಡಾಸ್ 2.2ಕ್ಕೆ ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ ಎಸ್‌ಕ್ಯುಎಲ್‌ಆಲ್ಕೆಮಿ 2.0 ಅಥವಾ ಅದಕ್ಕಿಂತ ಹೊಸದು ಬೇಕು. ಏರ್‌ಫ್ಲೋ 2ಕ್ಕೆ 2.0ಗಿಂತ ಹಳೆಯದೇ ಬೇಕು, ಅಂದರೆ 1.4. ಹಾಗಾದರೆ ಪಿಪ್ ಯಾಕೆ ಜಗಳ ತೆಗೆಯಲಿಲ್ಲ? ಪಾಂಡಾಸ್‌ಗೆ ಎಸ್‌ಕ್ಯುಎಲ್‌ಆಲ್ಕೆಮಿ ಕಡ್ಡಾಯ ಅಲ್ಲ, ಬೇಕಾದವರು ಹಾಕಿಕೊಳ್ಳಿ ಅನ್ನುವ ಪಟ್ಟಿಯಲ್ಲಿದೆ. ಪಿಪ್ ಆ ಪಟ್ಟಿಯನ್ನು ನೋಡುವುದೇ ಇಲ್ಲ. ಓಡುವ ಹೊತ್ತಿನಲ್ಲಿ ಪಾಂಡಾಸ್ ನೋಡುತ್ತದೆ, 1.4 ಇದೆ, ಹಳೆಯದಾಯಿತು, ಇಲ್ಲ ಅಂತಲೇ ಲೆಕ್ಕ ಹಾಕುತ್ತದೆ. ಆಮೇಲೆ ನಾವು ಕೊಟ್ಟ ಎಂಜಿನ್ನನ್ನು ಬರೀ ಡೇಟಾಬೇಸ್ ಕನೆಕ್ಷನ್ ಅಂದುಕೊಂಡು ಅದರಲ್ಲಿ ಕರ್ಸರ್ ಹುಡುಕುತ್ತದೆ. ಪ್ಯಾಕೇಜ್ ಇಲ್ಲ ಅಂತ ನೇರವಾಗಿ ಹೇಳಬಾರದಾ ಮಾರಾಯ್ರೆ?

ಪಾಂಡಾಸನ್ನು 2.1ರ ಸರಣಿಗೆ ಕಟ್ಟಿಹಾಕಿದ ಮೇಲೆ ಸರಿಹೋಯಿತು. ಏರ್‌ಫ್ಲೋದವರು ತಮ್ಮ ಪ್ರತಿ ವರ್ಷನ್ನಿಗೂ, ಅದು ಓಡುವ ಪ್ರತಿ ಪೈಥಾನ್ ವರ್ಷನ್ನಿಗೂ ಒಂದೊಂದು ಕನ್‌ಸ್ಟ್ರೇಂಟ್ಸ್ ಫೈಲ್ ಕೊಡುತ್ತಾರೆ. ಯಾವ ಲೈಬ್ರರಿಯ ಯಾವ ವರ್ಷನ್ ಜೊತೆ ತಾವು ಪರೀಕ್ಷೆ ಮಾಡಿದ್ದೇವೆ ಅನ್ನುವ ಪಟ್ಟಿ ಅದು. ಪಾಂಡಾಸ್ ಎಷ್ಟು, ಅದು ಲೆಕ್ಕಕ್ಕೆ ಬಳಸುವ ನಂಪೈ ಎಷ್ಟು, ಎಲ್ಲ ಅದರಲ್ಲಿರುತ್ತದೆ. ನಂಪೈ ಬಗ್ಗೆಯೂ ಎಚ್ಚರ ಬೇಕು. 2024ರ ಜೂನಿನಲ್ಲಿ 2.0 ಬಂದ ಮೇಲೆ, ಹಳೆಯ ನಂಪೈಗಾಗಿ ಕಟ್ಟಿದ ಪ್ಯಾಕೇಜ್‌ಗಳು ಅದರ ಜೊತೆ ಇಂಪೋರ್ಟ್ ಆಗುವಾಗಲೇ ಬೈನರಿ ಹೊಂದುವುದಿಲ್ಲ ಅಂತ ಬೀಳುತ್ತವೆ. ಆದ್ದರಿಂದ ರಿಕ್ವೈರ್‌ಮೆಂಟ್ಸಿನಲ್ಲಿ ಪ್ರತಿಯೊಂದಕ್ಕೂ ವರ್ಷನ್ ಬರೆಯಿರಿ. ಅದನ್ನು ಮೊದಲು ನಿಮ್ಮ ಮೆಷಿನ್ನಿನಲ್ಲಿ ಅದೇ ಪೈಥಾನ್ ವರ್ಷನ್ ಇಟ್ಟುಕೊಂಡು, ಅದೇ ಕನ್‌ಸ್ಟ್ರೇಂಟ್ಸ್ ಜೊತೆ ಇನ್‌ಸ್ಟಾಲ್ ಮಾಡಿ ನೋಡಿ. ಲ್ಯಾಪ್‌ಟಾಪಿನಲ್ಲಿ 3.12, ಅಲ್ಲಿ 3.11 ಅಂತಾದರೆ ನೀವು ನೋಡಿದ್ದಕ್ಕೆ ಬೆಲೆ ಇಲ್ಲ.

ಇಷ್ಟೆಲ್ಲ ಮನೆಯಲ್ಲೇ ನೋಡಿಕೊಳ್ಳಿ ಅಂತ ಯಾಕೆ ಹೇಳುತ್ತೇನೆ ಅಂದರೆ, ಸೇವೆಯಲ್ಲಿ ಪ್ಯಾಕೇಜ್ ಪಟ್ಟಿ ಬದಲಿಸುವುದು ಸಣ್ಣ ಕೆಲಸ ಅಲ್ಲ. ಒಂದು ಸಾಲು ಸೇರಿಸಿ ಸೇವ್ ಒತ್ತಿದರೆ ಇಡೀ ಪರಿಸರ (ಅಂದರೆ ನಮ್ಮ ಏರ್‌ಫ್ಲೋ ಸೆಟಪ್) ಮತ್ತೆ ಕಟ್ಟಿಕೊಳ್ಳುತ್ತದೆ. ಚಾ ಮಾಡಿ ಕುಡಿದು, ಲೋಟ ತೊಳೆದು, ಅಂಗಳದಲ್ಲಿ ಒಣ ಹಾಕಿದ ಅಡಿಕೆಯನ್ನು ಒಂದು ಸುತ್ತು ಮಗುಚಿ ಬಂದರೂ ಚಕ್ರ ತಿರುಗುತ್ತಲೇ ಇರುತ್ತದೆ. ಅಷ್ಟು ಹೊತ್ತು ಬೇರೆ ಯಾವ ಸೆಟ್ಟಿಂಗೂ ಮುಟ್ಟುವ ಹಾಗಿಲ್ಲ. ಕೊನೆಗೆ ‘ಅಪ್‌ಡೇಟ್ ವಿಫಲವಾಯಿತು’ ಅಂತ ಒಂದು ಸಾಲು ಬರುತ್ತದೆ. ಯಾಕೆ ಅಂತ ಆ ಸಾಲಿನಲ್ಲಿ ಇರುವುದಿಲ್ಲ. ಪಿಪ್ ನಿಜವಾಗಿ ಹೇಳಿದ ಮಾತು ಬೇರೊಂದು ಪುಟದ, ಬೇರೊಂದು ಲಾಗಿನ, ಮಧ್ಯದಲ್ಲೆಲ್ಲೋ ಇರುತ್ತದೆ. ನಮ್ಮ ಪುಣ್ಯಕ್ಕೆ ವಿಫಲವಾದರೆ ಹಳೆಯ ಪಟ್ಟಿಗೇ ವಾಪಸ್ ಹೋಗುತ್ತದೆ, ನಡೆಯುತ್ತಿದ್ದ ಕೆಲಸ ನಿಲ್ಲುವುದಿಲ್ಲ. ಅಷ್ಟು ಮರ್ಯಾದೆ ಇದೆ. ಆದರೂ ಆ ಲಾಗ್ ಅಡಗಿಸಿ ಇಟ್ಟದ್ದಕ್ಕೆ ಇನ್ನೊಂದು ಅರ್ಧ ಸ್ಟಾರ್ ಹೋಯಿತು.

ಸಪೋರ್ಟಿನವರು ಮಾತಿಗೆ ಒಳ್ಳೆಯವರು. ಟಿಕೆಟ್ ಹಾಕಿದರೆ ಬೇಗ ಉತ್ತರ ಬರುತ್ತದೆ, ಆದರೆ ಮೊದಲ ಉತ್ತರ ಯಾವಾಗಲೂ ದಾಖಲೆ ಪುಟದ ಲಿಂಕ್. ಎರಡನೆಯದು, ನಿಮ್ಮ ಪೂರ್ತಿ ಲಾಗ್ ಕಳುಹಿಸಿ. ನಾನು ಈಗ ಟಿಕೆಟಿನಲ್ಲಿ ಮೊದಲೇ ಒಂದು ಸಣ್ಣ ಟಾಸ್ಕಿನ ಔಟ್‌ಪುಟ್ ಹಾಕಿಬಿಡುತ್ತೇನೆ. ಯಾವ ಪೈಥಾನ್ ಓಡುತ್ತಿದೆ, ಅದರ ವರ್ಷನ್ ಎಷ್ಟು, ಹುಡುಕುವ ದಾರಿಯ ಪಟ್ಟಿ ಏನು, ತೊಂದರೆ ಕೊಡುವ ಮಾಡ್ಯೂಲ್ ಯಾವ ಫೈಲಿನಿಂದ ಬಂದಿದೆ. ನಾಲ್ಕು ಪ್ರಿಂಟ್ ಸಾಲುಗಳು ಅಷ್ಟೇ. ಅದನ್ನು ವರ್ಕರಿನಲ್ಲಿ ಓಡಿಸಿ ನೋಡಿದರೆ ಅರ್ಧಕ್ಕರ್ಧ ಸಲ ಟಿಕೆಟ್ ಹಾಕುವ ಅಗತ್ಯವೇ ಬೀಳುವುದಿಲ್ಲ. ಇಂಥ ಎರರ್ ಬಂದವರು ಬೇರೆ ಏನು ಮಾಡದಿದ್ದರೂ ಇದೊಂದನ್ನು ಮಾಡಿ ನೋಡಿ.

ಈಗ ಪಿಡಿಎಫ್ ವಿಷಯ. ಇದು ನಮ್ಮಂಥವರಿಗೆ ಮಾತ್ರ ಬರುವ ಗೋಳು, ಇಂಗ್ಲಿಷ್ ವರದಿ ಮಾಡುವವರಿಗೆ ಇದರ ಬಿಸಿ ತಾಗುವುದೇ ಇಲ್ಲ.

ಸಾದಾ ಪಿಡಿಎಫ್ ಲೈಬ್ರರಿಗಳಲ್ಲಿ ಕನ್ನಡ ಬರೆದರೆ ಒತ್ತಕ್ಷರ ಕೂರುವುದಿಲ್ಲ. ‘ಉಳ್ಳಿಗಡ್ಡೆ’ ಅಂತ ಹಾಕಿದರೆ ಳ ಮತ್ತು ಡ ಎರಡರ ಒತ್ತೂ ಕೆಳಗೆ ಇಳಿಯದೆ, ಅರ್ಧಾಕ್ಷರಗಳು ಪಕ್ಕಪಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ. ಮಲಯಾಳದ ಕೂಟಕ್ಷರಗಳ ಗತಿಯೂ ಅದೇ. ಅಕ್ಷರಗಳನ್ನು ಸರಿಯಾಗಿ ಕೂಡಿಸಲಿಕ್ಕೆ ಹಾರ್ಫ್‌ಬಜ್ ಅಂತ ಒಂದು ಎಂಜಿನ್ ಬೇಕು. ಪ್ಯಾಂಗೊ ಅದನ್ನು ಬಳಸುತ್ತದೆ. ಪೈಥಾನಿನ ವೀಸಿಪ್ರಿಂಟ್ ಆ ಪ್ಯಾಂಗೊವನ್ನು ಬಳಸುತ್ತದೆ. ಎಚ್‌ಟಿಎಂಎಲ್ ಕೊಟ್ಟರೆ ಚಂದದ ಪಿಡಿಎಫ್ ಮಾಡಿಕೊಡುತ್ತದೆ, ಒತ್ತು, ದೀರ್ಘ ಎಲ್ಲ ಅದರದರ ಜಾಗದಲ್ಲಿ. ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲ ಪಿಡಿಎಫ್ ಬಂದಾಗ ಅಮ್ಮನನ್ನು ಕರೆದು ತೋರಿಸಿದ್ದೆ. ‘ಕರಿಗೋಟಿಗೆ ಇಷ್ಟೇಯಾ?’ ಅಂತ ಕೇಳಿದರು. ಅವರಿಗೆ ಕಾಣುವುದು ಧಾರಣೆ ಮಾತ್ರ.

ಕ್ಲೌಡಿನಲ್ಲಿ ವೀಸಿಪ್ರಿಂಟ್ ಇನ್‌ಸ್ಟಾಲ್ ಆಯಿತು. ಇಂಪೋರ್ಟ್ ಮಾಡಿದ ಕೂಡಲೇ ಬಿತ್ತು. ಅದೂ ಮಾಡ್ಯೂಲ್ ಸಿಗಲಿಲ್ಲ ಅನ್ನುವ ಎರರ್ ಅಲ್ಲ, ಓಎಸ್ ಎರರ್: ಜಿಆಬ್ಜೆಕ್ಟ್ ಅನ್ನುವ ಲೈಬ್ರರಿಯನ್ನು ಲೋಡ್ ಮಾಡಲಾಗುತ್ತಿಲ್ಲ ಅಂತ. ಇಲ್ಲಿಯೇ ತುಂಬಾ ಜನ ದಾರಿ ತಪ್ಪುತ್ತಾರೆ. ಪಿಪ್ ಪಟ್ಟಿಯಲ್ಲಿ ಜಿಆಬ್ಜೆಕ್ಟ್ ಹುಡುಕುತ್ತಾರೆ, ಹೋಲುವ ಹೆಸರಿನ ಏನೇನೋ ಸಿಗುತ್ತದೆ, ಹಾಕುತ್ತಾರೆ, ಇನ್ನಷ್ಟು ಕೆಡುತ್ತದೆ. ಅದು ಪೈಥಾನಿನ ಪ್ಯಾಕೇಜೇ ಅಲ್ಲ. ಲಿನಕ್ಸ್ ಸಿಸ್ಟಮ್ಮಿನಲ್ಲಿ ಪ್ಯಾಂಗೊ ಜೊತೆಗೆ ಇರಬೇಕಾದ ಲೈಬ್ರರಿ. ವೀಸಿಪ್ರಿಂಟ್ ಇಂಪೋರ್ಟ್ ಆಗುವಾಗಲೇ ಅದನ್ನು ಹುಡುಕುತ್ತದೆ. ನಮ್ಮ ಬಾಡಿಗೆ ವರ್ಕರಿನಲ್ಲಿ ಅದು ಇಲ್ಲ. ಹಾಕೋಣವೆಂದರೆ ಆ ಮೆಷಿನ್ನಿನ ಮೇಲೆ ನಮಗೆ ಅಧಿಕಾರ ಇಲ್ಲ. ಪಿಪ್ ಪಟ್ಟಿ ಮಾತ್ರ ನಮ್ಮದು, ಅದರ ಕೆಳಗಿನ ಲಿನಕ್ಸ್ ಕಂಪೆನಿಯದ್ದು. ಓಪನ್‌ಸಿವಿ ಬಳಸುವವರಿಗೆ ಲಿಬ್‌ಜಿಎಲ್ ಇಲ್ಲ ಅಂತ ಬರುವುದೂ ಇದೇ ಜಾತಿಯ ತೊಂದರೆ. ಅವರಿಗಾದರೂ ಹೆಡ್‌ಲೆಸ್ ಅನ್ನುವ ಬೇರೆ ಪ್ಯಾಕೇಜ್ ಸಿಗುತ್ತದೆ, ನಮಗೆ ಆ ದಾರಿಯೂ ಇರಲಿಲ್ಲ.

ಕಂಟೈನರಿಗೆ, ಅಂದರೆ ಬೇಕಾದ ಲೈಬ್ರರಿಗಳನ್ನೆಲ್ಲ ತನ್ನೊಳಗೇ ಇಟ್ಟುಕೊಂಡು ಓಡುವ ಪೆಟ್ಟಿಗೆಗೆ, ಹೋದದ್ದು ಈ ಕಾರಣಕ್ಕೆ. ಪಿಡಿಎಫ್ ಮಾಡುವ ಕೆಲಸಕ್ಕೆ ಬೇರೆಯೇ ಒಂದು ಇಮೇಜ್ (ಆ ಪೆಟ್ಟಿಗೆಯ ಅಚ್ಚು) ಕಟ್ಟಿದೆವು. ಅದರಲ್ಲಿ ಪ್ಯಾಂಗೊ, ವೀಸಿಪ್ರಿಂಟ್, ಕನ್ನಡ ಮತ್ತು ಮಲಯಾಳದ ನೋಟೋ ಫಾಂಟ್‌ಗಳು. ಫಾಂಟ್ ಮರೆಯಬೇಡಿ, ಇಲ್ಲದಿದ್ದರೆ ಎರರ್ ಬರುವುದಿಲ್ಲ, ಅಕ್ಷರ ಇರಬೇಕಾದಲ್ಲಿ ಚೌಕಗಳು ಬರುತ್ತವೆ. ಡ್ಯಾಗಿನಲ್ಲಿ ಕಂಟೈನರ್ ಓಡಿಸಲಿಕ್ಕಿರುವ ಕುಬರ್ನೆಟಿಸ್ ಪಾಡ್ ಆಪರೇಟರ್ ಬಳಸಿ ಆ ಇಮೇಜನ್ನು ಓಡಿಸುತ್ತೇವೆ. ಏರ್‌ಫ್ಲೋದ ಪೈಥಾನಿಗೆ ವೀಸಿಪ್ರಿಂಟ್ ಇದೆ ಅಂತಲೂ ಗೊತ್ತಿಲ್ಲ. ಹೊತ್ತಿಗೆ ಸರಿಯಾಗಿ ಎಬ್ಬಿಸುವುದು, ಆಯಿತಾ ಇಲ್ಲವಾ ನೋಡುವುದು ಮಾತ್ರ ಅದರ ಕೆಲಸ.

ಆಮೇಲೆ ಪಾಂಡಾಸನ್ನೂ ಅಲ್ಲಿಗೇ ಸಾಗಿಸಿದೆವು. ಈಗ ನಮ್ಮ ರಿಕ್ವೈರ್‌ಮೆಂಟ್ಸ್ ಫೈಲ್ ಹೆಚ್ಚುಕಡಿಮೆ ಖಾಲಿ. ಪಾಂಡಾಸ್ ಯಾವ ವರ್ಷನ್ ಬೇಕಾದರೂ ಹಾಕಿಕೊಳ್ಳಬಹುದು, ಎಸ್‌ಕ್ಯುಎಲ್‌ಆಲ್ಕೆಮಿ 2 ಕೂಡ. ನನ್ನ ಮಟ್ಟಿಗೆ ಈ ಸೇವೆಯನ್ನು ಬಳಸುವ ಸರಿಯಾದ ರೀತಿ ಇದು. ಕಂಪೆನಿಯ ಮಾರ್ಕೆಟಿಂಗ್ ಪುಟದಲ್ಲಿ ಮಾತ್ರ ‘ನಿಮ್ಮ ಇಷ್ಟದ ಪೈಥಾನ್ ಪ್ಯಾಕೇಜ್‌ಗಳನ್ನು ಸುಲಭವಾಗಿ ಸೇರಿಸಿ’ ಅಂತಲೇ ಇದೆ. ಆ ‘ಸುಲಭ’ಕ್ಕೆ ಕೊನೆಯ ಅರ್ಧ ಸ್ಟಾರ್.

ಎಲ್ಲರಿಗೂ ಕಂಟೈನರ್ ಬೇಕಾಗುವುದಿಲ್ಲ. ಒಂದೋ ಎರಡೋ ಟಾಸ್ಕಿಗೆ ಮಾತ್ರ ಬೇರೆ ವರ್ಷನ್ ಬೇಕೆಂದರೆ ಪೈಥಾನ್ ವರ್ಚುವಲ್‌ಎನ್ವ್ ಆಪರೇಟರ್ ಸಾಕು. ಆ ಟಾಸ್ಕಿಗಷ್ಟೇ ಒಂದು ಪ್ರತ್ಯೇಕ ಪರಿಸರ ಕಟ್ಟಿ ಓಡಿಸುತ್ತದೆ. ಇಂಪೋರ್ಟ್‌ಗಳನ್ನು ಫಂಕ್ಷನಿನ ಒಳಗೆ ಬರೆಯಬೇಕು, ಹೊರಗೆ ಬರೆದರೆ ಅದಕ್ಕೆ ಸಿಗುವುದಿಲ್ಲ. ಕಟ್ಟಿದ್ದನ್ನು ಉಳಿಸಿಡುವ ಜಾಗ ಹೇಳದಿದ್ದರೆ ಪ್ರತಿ ಸಲ ಹೊಸದಾಗಿ ಕಟ್ಟುತ್ತದೆ, ತಡ ಆಗುತ್ತದೆ. ಮತ್ತು ಸಿಸ್ಟಮ್ ಲೈಬ್ರರಿ ಇಲ್ಲದ ತೊಂದರೆಗೆ ಇದು ಮದ್ದಲ್ಲ.

ಇಂಪೋರ್ಟ್ ಒಳಗೆ ಬರೆಯುವ ಅಭ್ಯಾಸ ಹೇಗೂ ಒಳ್ಳೆಯದೇ. ಡ್ಯಾಗ್ ಫೈಲನ್ನು ಏರ್‌ಫ್ಲೋ ಒಂದು ಸಲ ಓದಿ ಬಿಡುವುದಿಲ್ಲ, ಮತ್ತೆ ಮತ್ತೆ ಓದುತ್ತಲೇ ಇರುತ್ತದೆ. ಡೀಫಾಲ್ಟಿನಲ್ಲಿ ಎರಡು ಓದಿನ ನಡುವೆ ಕನಿಷ್ಠ 30 ಸೆಕೆಂಡು ಬಿಡುತ್ತದೆ. ಒಂದು ಫೈಲನ್ನು ಓದಲಿಕ್ಕೆ ಅದು ಕಾಯುವುದೂ 30 ಸೆಕೆಂಡು. ಮೇಲ್ಗಡೆಯೇ ಐದಾರು ದೊಡ್ಡ ಲೈಬ್ರರಿ ಇಂಪೋರ್ಟ್ ಮಾಡಿ ಇಟ್ಟರೆ, ಸಣ್ಣ ಮೆಷಿನ್ ತೆಗೆದುಕೊಂಡವರಿಗೆ ಟೈಮ್‌ಔಟ್ ಆಗಿ ಅದೇ ಕೆಂಪು ಪಟ್ಟಿ ಬರುತ್ತದೆ. ಪ್ಯಾಕೇಜ್ ಇದ್ದರೂ ಇಂಪೋರ್ಟ್ ಎರರ್. ಕೆಲವೊಮ್ಮೆ ಬಂದು, ಕೆಲವೊಮ್ಮೆ ತಾನಾಗಿ ಹೋಗುವ ಕೆಂಪು ಪಟ್ಟಿ ಕಂಡರೆ ಮೊದಲು ಇದನ್ನೇ ನೋಡಿ.

ದುಡ್ಡಿನ ವಿಷಯ. ಕೆಲಸ ಇರಲಿ ಬಿಡಲಿ, ಪರಿಸರ ಆನ್ ಇದ್ದಷ್ಟು ಹೊತ್ತು ಬಿಲ್ ಓಡುತ್ತದೆ. ನಮ್ಮ ಕೆಲಸ ಬೆಳಿಗ್ಗೆ ಸ್ವಲ್ಪ ಹೊತ್ತಿನದ್ದು, ಬಿಲ್ ಮಾತ್ರ ಇಡೀ ದಿನದ್ದು. ಅಂಗಡಿಗಳು ಹೆಚ್ಚಿವೆ, ಬೇರೆ ಗಿರಾಕಿಗಳ ಕೆಲಸವನ್ನೂ ಇದರಲ್ಲೇ ಓಡಿಸುತ್ತೇವೆ ಅನ್ನುವ ಕಾರಣಕ್ಕೆ ನಮಗೆ ಗಿಟ್ಟುತ್ತದೆ. ದಿನಕ್ಕೆ ಎರಡು ಮೂರು ಸ್ಕ್ರಿಪ್ಟ್ ಓಡಿಸುವವರಿಗೆ ಇದು ಖಂಡಿತ ಬೇಡ. ಒಂದು ಸಣ್ಣ ವರ್ಚುವಲ್ ಮೆಷಿನ್, ಅದರಲ್ಲಿ ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಕ್ರಾನ್, ಪ್ರತಿ ಸ್ಕ್ರಿಪ್ಟಿಗೂ ಅದರದೇ ವರ್ಚುವಲ್ ಎನ್ವಿರಾನ್‌ಮೆಂಟ್. ಸಾಕು.

ಇದನ್ನು ತೆಗೆದುಕೊಳ್ಳುವವರು ಇನ್ನೊಂದು ವಿಷಯ ಗಮನಿಸಿ. 2025ರ ಎಪ್ರಿಲಿನಲ್ಲಿ ಏರ್‌ಫ್ಲೋ 3 ಬಂದಿದೆ. ಇಂಪೋರ್ಟ್ ದಾರಿಗಳು ಅದರಲ್ಲಿ ತುಂಬಾ ಬದಲಾಗಿವೆ. ಡ್ಯಾಗ್, ಟಾಸ್ಕ್ ಮುಂತಾದವು ಈಗ ಏರ್‌ಫ್ಲೋದ ಎಸ್‌ಡಿಕೆಯಿಂದ ಬರಬೇಕು. ಪೈಥಾನ್ ಆಪರೇಟರ್ ಸ್ಟ್ಯಾಂಡರ್ಡ್ ಪ್ರೊವೈಡರ್ ಅನ್ನುವ ಬೇರೆ ಪ್ಯಾಕೇಜಿಗೆ ಹೋಗಿದೆ. ಹಳೆಯ ಪಾಠಗಳನ್ನು ನೋಡಿ ಕಾಪಿ ಮಾಡಿದ ಕೋಡ್ ಇದ್ದರೆ ಅದರಲ್ಲಿ ಏರ್‌ಫ್ಲೋ 1ರ ಕಾಲದ ದಾರಿಗಳೂ ಇರುತ್ತವೆ. 2ರಲ್ಲಿ ಬರೀ ಎಚ್ಚರಿಕೆ ಕೊಟ್ಟು ನಡೆಯುತ್ತಿದ್ದವು ಅವು, 3ರಲ್ಲಿ ನೇರ ಬೀಳುತ್ತವೆ. ರಫ್ ಅನ್ನುವ ಲಿಂಟರಿನಲ್ಲಿ (ಕೋಡಿನ ತಪ್ಪು ಹುಡುಕುವ ಟೂಲ್) ಏರ್‌ಫ್ಲೋ 3ಕ್ಕಾಗಿಯೇ ನಿಯಮಗಳಿವೆ, ಯಾವ ಸಾಲು ಬದಲಿಸಬೇಕು ಅಂತ ಅದು ತೋರಿಸುತ್ತದೆ, ಕೆಲವನ್ನು ತಾನೇ ಸರಿಮಾಡುತ್ತದೆ. ಉಪ್ಪಳದ ಹುಡುಗ ನಮ್ಮ ಡ್ಯಾಗ್‌ಗಳ ಮೇಲೆ ಅದನ್ನು ಓಡಿಸಿ ಪಟ್ಟಿ ಮಾಡಿ ಇಟ್ಟಿದ್ದಾನೆ. ಕಂಪೆನಿಯವರು ಅಪ್‌ಗ್ರೇಡ್ ಮಾಡಿ ಅಂತ ಮೇಲ್ ಕಳುಹಿಸುತ್ತಲೇ ಇದ್ದಾರೆ. ಅಡಿಕೆ ಕೊಯ್ಲಿನ ನಡುವೆ ಅದನ್ನು ಮುಟ್ಟುವುದಿಲ್ಲ ಅಂತ ಯಜಮಾನರಿಗೆ ಹೇಳಿದ್ದೇನೆ. ಅಂಗಳದ ಅಡಿಕೆ ಒಣಗಿ ಅಟ್ಟ ಸೇರಿದ ಮೇಲೆ ಒಂದು ಹೊಸ ಪರಿಸರ ಪಕ್ಕದಲ್ಲೇ ಕಟ್ಟಿ, ಎರಡನ್ನೂ ಸ್ವಲ್ಪ ದಿನ ಒಟ್ಟಿಗೆ ಓಡಿಸಿ, ಎರಡರ ಪಿಡಿಎಫ್‌ಗಳನ್ನೂ ಹೋಲಿಸಿ ನೋಡುತ್ತೇವೆ. ಅದರ ರಿವ್ಯೂ ಆಗ ಬರೆಯುತ್ತೇನೆ.